ಕಚೇರಿಯ ಇಂಗ್ಲಿಷ್‌ನಲ್ಲಿ ಫ್ರೇಸಲ್ ವರ್ಬ್: ಕೆಲಸದ ಜೊತೆಜೊತೆಗೇ ಕಲಿಯುವ ಬಗೆ

ಕಾರವಾರ ಬಂದರಿನ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿಯೋ, ಶಿರಸಿಯ ಅಡಿಕೆ ವಹಿವಾಟಿನ ಸಂಸ್ಥೆಯಲ್ಲಿಯೋ, ಗೋಕರ್ಣದ ರೆಸಾರ್ಟಿನ ಕೌಂಟರಿನಲ್ಲಿಯೋ ಹೊಸದಾಗಿ ಕೆಲಸಕ್ಕೆ ಸೇರಿದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ತರುಣ ತರುಣಿಯರಿಗೆ ಇಂಗ್ಲಿಷ್ ವ್ಯಾಕರಣ ಅಷ್ಟಾಗಿ ತೊಡಕಾಗುವುದಿಲ್ಲ. ಕಾಲ, ವಚನ, ಕರ್ಮಣಿ ಪ್ರಯೋಗಗಳನ್ನು ಅವರು ಶಾಲೆಯಲ್ಲಿಯೇ ಕಲಿತಿರುತ್ತಾರೆ. ಅವರು ತಡವರಿಸುವುದು ಮೇಲಧಿಕಾರಿ ಫೋನಿನಲ್ಲಿ ‘ಪ್ಲೀಸ್ ಲುಕ್ ಇಂಟು ಇಟ್ ಆ್ಯಂಡ್ ಗೆಟ್ ಬ್ಯಾಕ್ ಟು ಮಿ’ ಎಂದಾಗ. ಇದರಲ್ಲಿರುವ ಪ್ರತಿಯೊಂದು ಪದವೂ ಪ್ರಾಥಮಿಕ ಶಾಲೆಯದು. ಆದರೆ ಅವು ಕೂಡಿದಾಗ ‘ವಿಚಾರಿಸಿ ನನಗೆ ತಿಳಿಸಿ’ ಎಂಬ ಬೇರೆಯೇ ಅರ್ಥ ಹೊರಡುತ್ತದೆ.

ಕ್ರಿಯಾಪದಕ್ಕೆ ಅಪ್, ಔಟ್, ಆಫ್, ಇನ್, ಓವರ್ ಮುಂತಾದ ಪುಟ್ಟ ಪದಗಳು ಸೇರಿ ಹೊಸ ಅರ್ಥ ಕೊಡುವ ಈ ಜೋಡಿಗಳನ್ನೇ ಫ್ರೇಸಲ್ ವರ್ಬ್ ಎನ್ನುತ್ತಾರೆ. ಪರಭಾಷಿಕರಿಗೆ ಇಂಗ್ಲಿಷ್‌ನಲ್ಲಿ ಅತ್ಯಂತ ಕಷ್ಟದ ಭಾಗ ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿಯೇ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದರು. ಆದರೆ ಕನ್ನಡಿಗರಿಗೆ ಈ ಬಗೆಯ ರಚನೆ ತೀರಾ ಅಪರಿಚಿತವೇನಲ್ಲ. ‘ಕೊಡು’ ಎಂಬುದರ ಅರ್ಥ ಬಲ್ಲ ಮಾತ್ರಕ್ಕೆ ‘ತೋಟದ ಪಂಪು ಕೈಕೊಟ್ಟಿತು’ ಎಂಬ ಮಾತು ತಿಳಿಯುವುದಿಲ್ಲ. ಕೈಬಿಡು, ಕೈಗೊಳ್ಳು, ಕೈಹಾಕು ಇವೆಲ್ಲವನ್ನೂ ನಾವು ಇಡಿಯಾಗಿಯೇ ಕಲಿತಿದ್ದೇವೆ. ಇಂಗ್ಲಿಷಿನ ಜೋಡಿಗಳನ್ನೂ ಬಿಡಿಸಿ ನೋಡದೆ, ಇಡಿಯಾಗಿಯೇ ಕಲಿಯಬೇಕು.

ಮೊದಲ ಹೆಜ್ಜೆ: ಪಟ್ಟಿಯನ್ನು ಬಿಟ್ಟು ಘಟನೆಯನ್ನು ಹಿಡಿಯಿರಿ

ಅಕ್ಷರಮಾಲೆಯ ಕ್ರಮದಲ್ಲಿ ನೂರಾರು ಜೋಡಿಗಳನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದರ ಬದಲು ನಿಮ್ಮ ಕೆಲಸದಲ್ಲಿ ನಡೆಯುವ ಒಂದು ಘಟನೆಯನ್ನು ತೆಗೆದುಕೊಂಡು, ಅದನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷ್‌ನಲ್ಲಿ ಹೇಳಲು ಬೇಕಾಗುವ ಜೋಡಿಗಳನ್ನಷ್ಟೇ ಒಟ್ಟುಮಾಡಿ. ಜುಲೈ ತಿಂಗಳ ಮಳೆಯಲ್ಲಿ, ಹುಬ್ಬಳ್ಳಿಯಿಂದ ಕಾರವಾರಕ್ಕೆ ಸರಕು ತರುತ್ತಿದ್ದ ಲಾರಿ ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತಿದೆ ಎಂದಿಟ್ಟುಕೊಳ್ಳೋಣ. ಮಾಲೀಕರಿಗೆ ತಿಳಿಸಬೇಕಾದ ಮೊದಲ ವಾಕ್ಯ ‘ದಿ ಲಾರಿ ಹ್ಯಾಸ್ ಬ್ರೋಕನ್ ಡೌನ್’. ಮೆಕ್ಯಾನಿಕ್ ಬಂದು ಸರಿಪಡಿಸುವ ಕೆಲಸ ‘ಸಾರ್ಟ್ ಔಟ್’. ಬೇರೊಬ್ಬ ಚಾಲಕ ಬಂದು ಗಾಡಿಯ ಹೊಣೆ ವಹಿಸಿಕೊಂಡರೆ ಅವನು ‘ಟೇಕ್ಸ್ ಓವರ್’. ಮೊದಲಿನವನು ಅವನಿಗೆ ಕಾಗದಪತ್ರಗಳನ್ನು ಒಪ್ಪಿಸಿದರೆ ಅದು ‘ಹ್ಯಾಂಡ್ಸ್ ಓವರ್’. ಸಂಜೆ ಸಾರಿಗೆ ಸಂಸ್ಥೆಗೆ ಮತ್ತೆ ಫೋನ್ ಮಾಡಿ ಏನಾಯಿತೆಂದು ಕೇಳುವುದು ‘ಫಾಲೋ ಅಪ್’.

ಇಲ್ಲಿ ‘ಪುಟ್ ಆಫ್’ ಮತ್ತು ‘ಕಾಲ್ ಆಫ್’ಗಳ ನಡುವಿನ ಭೇದವನ್ನು ವಿಶೇಷವಾಗಿ ಗಮನಿಸಬೇಕು. ಲೋಡಿಂಗ್ ನಾಳೆಗೆ ಮುಂದೆ ಹೋದರೆ ‘ವಿ ಹ್ಯಾವ್ ಪುಟ್ ಆಫ್ ದಿ ಲೋಡಿಂಗ್ ಟಿಲ್ ಟುಮಾರೋ’; ಗುಡ್ಡ ಕುಸಿದು ರಸ್ತೆ ಮುಚ್ಚಿ ಲೋಡಿಂಗೇ ರದ್ದಾದರೆ ‘ವಿ ಹ್ಯಾವ್ ಕಾಲ್ಡ್ ಆಫ್ ದಿ ಲೋಡಿಂಗ್’. ಮೊದಲನೆಯದನ್ನು ಕೇಳಿದ ಗ್ರಾಹಕ ಕಾಯುತ್ತಾನೆ, ಎರಡನೆಯದನ್ನು ಕೇಳಿದವನು ಬೇರೆ ವ್ಯವಸ್ಥೆ ಹುಡುಕುತ್ತಾನೆ. ಹೀಗೆ ಒಂದೇ ಘಟನೆಯ ಸುತ್ತ ಬರೆದುಕೊಂಡ ಆರೇಳು ಪೂರ್ಣ ವಾಕ್ಯಗಳು ಬಿಡಿ ಪದಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುತ್ತವೆ.

ಎರಡನೆಯದು: ‘ಇಟ್’ ಎಲ್ಲಿ ಕೂರುತ್ತದೆ ಎಂದು ನೋಡಿ

‘ಫಿಲ್ ಇನ್ ದಿ ಫಾರ್ಮ್’ ಎಂದರೂ ‘ಫಿಲ್ ದಿ ಫಾರ್ಮ್ ಇನ್’ ಎಂದರೂ ಸರಿಯೇ. ಆದರೆ ಫಾರ್ಮ್ ಬದಲು ‘ಇಟ್’ ಬಂದರೆ ಅದಕ್ಕೆ ನಡುವಿನಲ್ಲಿ ಮಾತ್ರ ಸ್ಥಾನ: ‘ಫಿಲ್ ಇಟ್ ಇನ್’. ‘ಫಿಲ್ ಇನ್ ಇಟ್’ ಎನ್ನುವಂತಿಲ್ಲ. ಲುಕ್ ಇಂಟು, ಲುಕ್ ಆಫ್ಟರ್, ಡೀಲ್ ವಿತ್ ಮುಂತಾದವು ಇದಕ್ಕೆ ವಿರುದ್ಧ. ಇವುಗಳ ನಡುವೆ ಕರ್ಮಪದವನ್ನು ತೂರಿಸಲಾಗದು, ‘ಲುಕ್ ಇಂಟು ಇಟ್’ ಎಂದೇ ಹೇಳಬೇಕು. ಯಾವುದು ಯಾವ ಗುಂಪಿಗೆ ಸೇರಿದ್ದೆಂದು ಊಹಿಸುವ ಅಗತ್ಯವಿಲ್ಲ. ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ಇಂಗ್ಲಿಷ್ ನಿಘಂಟುಗಳು ‘ಫಿಲ್ ಸಮ್‌ಥಿಂಗ್ ಇನ್’, ‘ಲುಕ್ ಇಂಟು ಸಮ್‌ಥಿಂಗ್’ ಎಂದು ಕರ್ಮದ ಜಾಗವನ್ನು ತೋರಿಸಿಯೇ ಅಚ್ಚು ಮಾಡುತ್ತವೆ. ಹೊಸ ಜೋಡಿಯನ್ನು ಬರೆದುಕೊಳ್ಳುವಾಗ ಆ ‘ಸಮ್‌ಥಿಂಗ್’ ಸಮೇತ ಬರೆದುಕೊಳ್ಳಿ.

ಮೂರು ಪದಗಳ ಜೋಡಣೆಗಳೂ ಇವೆ. ಗೋಣಿಚೀಲ ಮುಗಿದುಹೋದರೆ ‘ವಿ ಹ್ಯಾವ್ ರನ್ ಔಟ್ ಆಫ್ ಗನ್ನಿ ಬ್ಯಾಗ್ಸ್’. ಪತ್ರದ ಕೊನೆಯಲ್ಲಿ ಬರುವ ‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಹಿಯರ್’ ಬಾರದು, ‘ಹಿಯರಿಂಗ್ ಫ್ರಮ್ ಯು’ ಎಂದೇ ಬರಬೇಕು.

ಮೂರನೆಯದು: ನಮ್ಮ ಕಚೇರಿಗಳ ರೂಢಿಯನ್ನು ಬೇರೆಯಾಗಿ ಗುರುತಿಸಿ

ಕಾರವಾರದ ಯಾವುದೇ ಸರ್ಕಾರಿ ಕಚೇರಿಯಲ್ಲಿ ‘ಪುಟ್ ಅಪ್ ದಿ ಫೈಲ್’ ಎಂದರೆ ಕಡತವನ್ನು ಮಂಡಿಸಿ ಎಂದು ಎಲ್ಲರಿಗೂ ಗೊತ್ತು. ಇದು ನಮ್ಮ ದೇಶದ ಆಡಳಿತದಲ್ಲಿ ಬೇರೂರಿದ ಬಳಕೆ. ಇದನ್ನು ತಪ್ಪೆಂದು ತಿದ್ದಲು ಹೋಗುವುದು ಸರಿಯಲ್ಲ. ಆದರೆ ವಿದೇಶದ ಖರೀದಿದಾರರಿಗೋ ಪ್ರವಾಸಿಗರಿಗೋ ಇದು ಅರ್ಥವಾಗದೆ ಹೋಗಬಹುದು, ಅವರ ಮುಂದೆ ‘ಸಬ್ಮಿಟ್’ ಎನ್ನಿ. ಇದಕ್ಕೆ ‘ವಿತ್’ ಸೇರಿ ‘ಪುಟ್ ಅಪ್ ವಿತ್’ ಆದರೆ ಸಹಿಸಿಕೊಳ್ಳುವುದೆಂಬ ಅರ್ಥ ಬರುತ್ತದೆ ಎಂಬುದೂ ನೆನಪಿರಲಿ.

ಸಂದರ್ಶನಕ್ಕೆ ಹೋಗುವವರು ‘ಪಾಸ್ ಔಟ್’ ಬಗ್ಗೆ ಎಚ್ಚರ ವಹಿಸಬೇಕು. ‘ಐ ಪಾಸ್ಡ್ ಔಟ್ ಇನ್ 2022’ ಎಂದರೆ ನಮ್ಮಲ್ಲಿ ಪದವಿ ಮುಗಿಸಿದೆ ಎಂದರ್ಥ. ಹೊರದೇಶದ ಕಿವಿಗೆ ಅದು ಸಾಮಾನ್ಯವಾಗಿ ಮೂರ್ಛೆ ಹೋದೆ ಎಂದು ಕೇಳಿಸುತ್ತದೆ. ಸೇನೆ ಮತ್ತು ನೌಕಾಪಡೆಯಲ್ಲಿ ತರಬೇತಿ ಮುಗಿದಾಗ ನಡೆಯುವ ಪಾಸಿಂಗ್ ಔಟ್ ಪರೇಡ್ ಮಾತ್ರ ಬ್ರಿಟನ್ನಿನಲ್ಲಿಯೂ ಇರುವ ಬಳಕೆ. ಉಳಿದವರು ‘ಗ್ರಾಜುಯೇಟೆಡ್’ ಎನ್ನುವುದು ಕ್ಷೇಮ. ನಿಭಾಯಿಸು ಎಂಬ ಅರ್ಥದಲ್ಲಿ ನಮ್ಮಲ್ಲಿ ಹೇಳುವ ‘ಕೋಪ್ ಅಪ್ ವಿತ್’ ಎಂಬುದು ‘ಕೀಪ್ ಅಪ್ ವಿತ್’ ಜೊತೆ ಬೆರೆತು ಬಂದಂತೆ ಕಾಣುತ್ತದೆ. ಸರಿಯಾದದ್ದು ‘ಕೋಪ್ ವಿತ್’. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಕಿಲ್ಲ.

ಬರಹದಲ್ಲಿ ಎಷ್ಟು, ಮಾತಿನಲ್ಲಿ ಹೇಗೆ

ಬ್ಯಾಂಕಿಗೆ ಬರೆಯುವ ಪತ್ರ, ಟೆಂಡರ್ ದಾಖಲೆಗಳಲ್ಲಿ ಪುಟ್ ಆಫ್ ಬದಲು ಪೋಸ್ಟ್‌ಪೋನ್, ಕಾಲ್ ಆಫ್ ಬದಲು ಕ್ಯಾನ್ಸಲ್ ಹೆಚ್ಚು ಒಪ್ಪುತ್ತವೆ. ಹಾಗೆಂದು ಔಪಚಾರಿಕ ಬರಹದಲ್ಲಿ ಫ್ರೇಸಲ್ ವರ್ಬ್ ಕೂಡದೇ ಕೂಡದು ಎಂಬ ಪಾಠವನ್ನು ನಾನು ಒಪ್ಪುವುದಿಲ್ಲ. ‘ಕ್ಯಾರಿ ಔಟ್’, ‘ಸೆಟ್ ಅಪ್’ ಗಂಭೀರ ವರದಿಗಳಲ್ಲಿಯೂ ಸಲ್ಲುತ್ತವೆ.

ಮಾತಿನಲ್ಲಿ ಒತ್ತು ಮುಖ್ಯ. ‘ಬ್ಯಾಕಪ್’ ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ. ‘ಬ್ಯಾಕ್ ಇಟ್ ಅಪ್’ ಎಂದು ಕೆಲಸ ಹೇಳುವಾಗ ಒತ್ತು ‘ಅಪ್’ಗೆ. ಮಳೆಗಾಲದಲ್ಲಿ, ತಗಡಿನ ಮಾಡಿನ ಕೆಳಗೆ ಕುಳಿತು ಫೋನಿನಲ್ಲಿ ಮಾತನಾಡುವಾಗ ಆ ಕೊನೆಯ ಪುಟ್ಟ ಪದವೇ ಕೇಳಿಸದೆ ಹೋಗುವ ಸಂಭವ ಹೆಚ್ಚು. ‘ಕಾಲ್ ದಿ ಮೀಟಿಂಗ್’ ಎಂದರೆ ಸಭೆ ಕರೆಯಿರಿ, ‘ಕಾಲ್ ಆಫ್ ದಿ ಮೀಟಿಂಗ್’ ಎಂದರೆ ಸಭೆ ರದ್ದುಮಾಡಿ. ‘ಆಫ್’ ನುಂಗಿಹೋದರೆ ಆದೇಶವೇ ತಿರುವುಮುರುವಾಗುತ್ತದೆ. ಅನುಮಾನ ಬಂದಾಗ ಅದೇ ಜೋಡಿಯನ್ನು ಮರಳಿ ಹೇಳದೆ, ‘ಸರ್, ಸೋ ದಿ ಮೀಟಿಂಗ್ ಈಸ್ ಕ್ಯಾನ್ಸಲ್ಡ್?’ ಎಂದು ಬೇರೆ ಪದದಿಂದಲೇ ಖಚಿತಪಡಿಸಿಕೊಂಡು, ಆಮೇಲೆ ಉಳಿದವರಿಗೆ ತಿಳಿಸಿ.