ಕಂಪ್ಯೂಟರ್ ಹ್ಯಾಂಗ್ ಆದಾಗ: ಯಾವ ಪ್ರೊಸೆಸ್ ನಿಲ್ಲಿಸಬೇಕು, ಯಾವುದನ್ನು ಮುಟ್ಟಬಾರದು

ಕಂಪ್ಯೂಟರ್ ನಿಧಾನವಾದ ಕೂಡಲೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಮುಚ್ಚುತ್ತಾ ಹೋಗುವುದರಿಂದ ಪ್ರಯೋಜನ ಕಡಿಮೆ. ಕೊರತೆ ಬಿದ್ದಿರುವುದು ಪ್ರೊಸೆಸರ್‌ಗೋ, ಮೆಮೊರಿಗೋ, ಡಿಸ್ಕ್‌ಗೋ ಎಂದು ಮೊದಲು ತಿಳಿಯಬೇಕು. ಮೂರಕ್ಕೂ ಪರಿಹಾರ ಬೇರೆ ಬೇರೆ.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸಸ್ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಕಾಲಮ್‌ಗಳ ಮೇಲೆ ಒಟ್ಟು ಶೇಕಡಾವಾರು ಇರುತ್ತದೆ. ಯಾವುದು ಏರಿ ಕೂತಿದೆಯೋ ಅದರ ಮೇಲೆ ಕ್ಲಿಕ್ ಮಾಡಿ. ಹೆಚ್ಚು ಬಳಸುತ್ತಿರುವ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೊಗ್ರಾಮ್, ಮೇಲಕ್ಕೆ ಬರುತ್ತದೆ. ಅರ್ಧ ನಿಮಿಷವಾದರೂ ಗಮನಿಸಿ. ಒಂದು ಕ್ಷಣ ಜಿಗಿದು ಇಳಿಯುವ ಅಂಕಿಗೆ ಅರ್ಥವಿಲ್ಲ, ಇಳಿಯದೇ ನಿಂತದ್ದಕ್ಕೆ ಮಾತ್ರ ಅರ್ಥ.

ಸಿಪಿಯು ಅಂಕಿ ಓದುವಾಗ ಬಹಳ ಜನ ಎಡವುತ್ತಾರೆ. ವಿಂಡೋಸ್ ಎಲ್ಲ ಕೋರ್‌ಗಳನ್ನೂ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕಗಳು) ಸೇರಿಸಿ 100 ಎಂದು ಲೆಕ್ಕ ಹಾಕುತ್ತದೆ. ಎಂಟು ಲಾಜಿಕಲ್ ಪ್ರೊಸೆಸರ್‌ಗಳ (ಸಿಸ್ಟಮ್ ಲೆಕ್ಕಕ್ಕೆ ಹಿಡಿಯುವ ಕೋರ್‌ಗಳು) ಯಂತ್ರದಲ್ಲಿ ಒಂದೇ ಥ್ರೆಡ್ (ಪ್ರೊಗ್ರಾಮ್ ಒಳಗಿನ ಒಂದು ಕೆಲಸದ ಎಳೆ) ಕೊನೆಯಿಲ್ಲದ ಲೂಪ್‌ನಲ್ಲಿ ಸಿಕ್ಕಿಕೊಂಡರೆ ಡೀಟೇಲ್ಸ್ ಪುಟದಲ್ಲಿ ಕಾಣುವುದು 12 ಅಥವಾ 13 ಮಾತ್ರ. ಸಣ್ಣ ಅಂಕಿಯೆಂದು ಬಿಟ್ಟುಬಿಡಬೇಡಿ. ಅಲುಗಾಡದೆ ಅಲ್ಲೇ ನಿಂತಿದ್ದರೆ ಒಂದು ಕೋರ್ ಪೂರ್ತಿ ಅದರ ಪಾಲಾಗಿದೆ. ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್ ಮತ್ತು ಲಿನಕ್ಸ್‌ನ ಟಾಪ್ ಕಮಾಂಡ್ ಸಾಮಾನ್ಯವಾಗಿ ಒಂದು ಕೋರ್‌ಗೇ 100 ಎನ್ನುತ್ತವೆ, ಹಾಗಾಗಿ ಅಲ್ಲಿ 300 ಕಂಡರೆ ಗಾಬರಿ ಬೇಡ. ಡೀಟೇಲ್ಸ್‌ನಲ್ಲಿ ಸಿಸ್ಟಮ್ ಐಡಲ್ ಪ್ರೊಸೆಸ್ 95 ತೋರಿಸಿದರೆ ಅಷ್ಟು ಭಾಗ ಖಾಲಿ ಇದೆ ಎಂದರ್ಥ.

ಮೆಮೊರಿ ತುಂಬಿರುವುದೇ ತೊಂದರೆಯಲ್ಲ. ಬಳಕೆಯಾಗದ ರ‍್ಯಾಮ್‌ನಲ್ಲಿ ಸಿಸ್ಟಮ್ ಇತ್ತೀಚೆಗೆ ಓದಿದ ಫೈಲ್‌ಗಳನ್ನು ಇಟ್ಟುಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಪರ್ಫಾರ್ಮೆನ್ಸ್ ಪುಟದ ಮೆಮೊರಿ ಭಾಗದಲ್ಲಿ ಅವೈಲಬಲ್ ಎಷ್ಟಿದೆ ನೋಡಿ. ಅದು ತಳ ಮುಟ್ಟಿದರೆ ರ‍್ಯಾಮ್‌ನಲ್ಲಿದ್ದದ್ದು ಡಿಸ್ಕ್‌ಗೆ ಹೋಗಿ ಬಂದು ಮಾಡತೊಡಗುತ್ತದೆ, ಮೌಸ್ ಕೂಡ ತಡೆದು ತಡೆದು ಚಲಿಸುತ್ತದೆ. ಅಲ್ಲೇ ಕಮಿಟೆಡ್ ಎಂಬಲ್ಲಿ ಎರಡು ಅಂಕಿಗಳಿವೆ: ಪ್ರೊಗ್ರಾಮ್‌ಗಳಿಗೆ ಈಗಾಗಲೇ ಕೊಟ್ಟ ಮೆಮೊರಿ, ಮತ್ತು ಕೊಡಬಹುದಾದ ಗರಿಷ್ಠ ಮಿತಿ. ಮೊದಲನೆಯದು ಎರಡನೆಯದರ ಹತ್ತಿರ ಬಂದರೆ ಪ್ರೊಗ್ರಾಮ್‌ಗಳು ತಾವಾಗಿ ಬಿದ್ದುಹೋಗಬಹುದು, ಆದ್ದರಿಂದ ಕೆಲಸವನ್ನು ತಕ್ಷಣ ಸೇವ್ ಮಾಡಿ. ಮ್ಯಾಕ್‌ನಲ್ಲಿ ಮೆಮೊರಿ ಪ್ರೆಶರ್ ಗ್ರಾಫ್ ಹಸಿರಾಗಿದ್ದರೆ ಸಾಕು.

ಡಿಸ್ಕ್ 100 ಆಗಿದ್ದರೆ ಹೆಚ್ಚಾಗಿ ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್ ಅಥವಾ ಫೈಲ್ ಇಂಡೆಕ್ಸಿಂಗ್. ಮುಗಿಯಲು ಬಿಡಿ.

ಇನ್ನು ನಿಲ್ಲಿಸುವ ವಿಚಾರ. ನಾಟ್ ರೆಸ್ಪಾಂಡಿಂಗ್ ಎಂದರೆ ಪ್ರೊಗ್ರಾಮ್ ಸತ್ತಿದೆ ಎಂದಲ್ಲ. ಅದರ ವಿಂಡೋ ಕೆಲವು ಸೆಕೆಂಡ್‌ಗಳಿಂದ ಕ್ಲಿಕ್‌ಗಳಿಗೆ ಉತ್ತರಿಸಿಲ್ಲ, ಅಷ್ಟೇ. ಅದರ ಸಾಲಿನಲ್ಲಿ ಸಿಪಿಯು ಅಥವಾ ಡಿಸ್ಕ್ ಅಂಕಿ ಬದಲಾಗುತ್ತಿದ್ದರೆ ದೊಡ್ಡ ಕೆಲಸವೊಂದು ನಡೆದಿರಬಹುದು, ಕೆಲವು ನಿಮಿಷ ಕಾಯಿರಿ. ಎಲ್ಲವೂ ಸೊನ್ನೆಯಾಗಿದ್ದರೆ ಅದು ಯಾವುದಕ್ಕೋ ಕಾಯುತ್ತಿದೆ. ಡೀಟೇಲ್ಸ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅನಲೈಸ್ ವೇಟ್ ಚೈನ್ ಆರಿಸಿದರೆ, ಬೇರೊಂದು ಪ್ರೊಸೆಸ್ ಅದನ್ನು ತಡೆದಿದ್ದರೆ ಹೆಸರು ಸಿಗುತ್ತದೆ. ಹಿಂದೆ ಅಡಗಿದ ಡೈಲಾಗ್ ಬಾಕ್ಸ್, ಸಂಪರ್ಕ ಕಡಿದ ನೆಟ್‌ವರ್ಕ್ ಡ್ರೈವ್ ಇವನ್ನೂ ಪರೀಕ್ಷಿಸಿ. ಯಾವುದೂ ಅಲ್ಲವಾದರೆ ಎಂಡ್ ಟಾಸ್ಕ್. ಸೇವ್ ಮಾಡದ್ದು ಹೋಗುತ್ತದೆ.

ಲಿನಕ್ಸ್‌ನಲ್ಲಿ ಕಿಲ್ ಕಮಾಂಡ್‌ನಿಂದ ಮೊದಲು 15ನೇ ಸಿಗ್ನಲ್ (ನಿಲ್ಲು ಎಂಬ ಸೂಚನೆ) ಕಳಿಸಿ. ಫೈಲ್ ಮುಚ್ಚಿ, ಲಾಕ್ ಬಿಟ್ಟು ಹೊರಡಲು ಪ್ರೊಗ್ರಾಮ್‌ಗೆ ಅವಕಾಶ ಸಿಗುತ್ತದೆ. ಹತ್ತು ಸೆಕೆಂಡ್ ಕಾದರೂ ಹೋಗದಿದ್ದರೆ ಮಾತ್ರ 9. ಇದನ್ನು ಪ್ರೊಗ್ರಾಮ್ ತಡೆಯಲಾರದು, ತನ್ನದನ್ನು ಸರಿಮಾಡಿಕೊಳ್ಳಲೂ ಆಗದು. ಡೇಟಾಬೇಸ್‌ಗೆ ನೇರವಾಗಿ 9 ಕಳಿಸುವ ಅಭ್ಯಾಸ ನಿಜಕ್ಕೂ ಕೆಟ್ಟದ್ದು. 9ಕ್ಕೂ ಜಗ್ಗದಿದ್ದರೆ ಟಾಪ್‌ನ ಸ್ಟೇಟ್ ಕಾಲಮ್ ನೋಡಿ. ಡಿ (D) ಇದ್ದರೆ ಅದು ಕರ್ನಲ್ (ಸಿಸ್ಟಮ್‌ನ ತಿರುಳು) ಒಳಗೆ ಡಿಸ್ಕ್‌ಗೋ ನೆಟ್‌ವರ್ಕ್ ಸ್ಟೋರೇಜ್‌ಗೋ ಕಾಯುತ್ತಿದೆ, ಸರಿಪಡಿಸಬೇಕಾದದ್ದು ಆ ಸಾಧನವನ್ನು. ಜಡ್ (Z) ಇದ್ದರೆ ಪ್ರೊಸೆಸ್ ಆಗಲೇ ಮುಗಿದಿದೆ, ಅದರ ಪೇರೆಂಟ್ (ಅದನ್ನು ಶುರುಮಾಡಿದ ಪ್ರೊಸೆಸ್) ಲೆಕ್ಕ ಮುಗಿಸಿಲ್ಲ. ಪೇರೆಂಟನ್ನು ನಿಲ್ಲಿಸಿದರೆ ಅದೂ ಹೋಗುತ್ತದೆ.

ವಿಂಡೋಸ್‌ನದೇ ಮೂಲ ಪ್ರೊಸೆಸ್‌ಗಳಾದ ಸಿಎಸ್‌ಆರ್‌ಎಸ್‌ಎಸ್ (csrss), ವಿನ್‌ಇನಿಟ್ (wininit), ಎಲ್‌ಸಾಸ್ (lsass) ಇವನ್ನು ಮುಟ್ಟಬೇಡಿ. ಇಡೀ ವಿಂಡೋಸ್ ಕುಸಿಯುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ. ಯಾವುದೇ ಪ್ರೊಸೆಸ್‌ನ ಪ್ರಯಾರಿಟಿಯನ್ನು (ಸಿಪಿಯು ಸಮಯ ಸಿಗುವ ಆದ್ಯತೆ) ರಿಯಲ್‌ಟೈಮ್‌ಗೆ ಏರಿಸುವುದೂ ಬೇಡ. ಮೌಸ್, ಕೀಬೋರ್ಡ್ ಕೆಲಸಕ್ಕೂ ಸಮಯ ಸಿಗದೆ ಹೋಗಬಹುದು. ಕ್ರೋಮ್ ಹತ್ತಾರು ಸಾಲು ತೋರಿಸುವುದು ಸಹಜ. ಯಾವ ಟ್ಯಾಬ್ ಭಾರವೆಂದು ತಿಳಿಯಲು ಕ್ರೋಮ್ ಒಳಗೇ ಶಿಫ್ಟ್, ಎಸ್ಕೇಪ್ ಒತ್ತಿ, ಅದೊಂದನ್ನೇ ಮುಚ್ಚಿ.

ನಿಲ್ಲಿಸಿದ್ದು ಮತ್ತೆ ಎದ್ದರೆ ಅದನ್ನು ಎಬ್ಬಿಸುವ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೊಗ್ರಾಮ್) ಇದೆ ಎಂದು ತಿಳಿಯಿರಿ. ಆ ಆಪ್‌ನ ಸೆಟ್ಟಿಂಗ್‌ನಲ್ಲೇ ಬ್ಯಾಕ್‌ಗ್ರೌಂಡ್ ಆಯ್ಕೆ ತೆಗೆಯಿರಿ. ಕಂಪ್ಯೂಟರ್ ಆನ್ ಆದಾಗಲೇ ಶುರುವಾಗುವವನ್ನು ಸ್ಟಾರ್ಟಪ್ ಆಪ್ಸ್ ಪುಟದಲ್ಲಿ ಡಿಸೇಬಲ್ ಮಾಡಿ, ಬಳಿಕ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೆಯೇ ಮರಳುತ್ತದೆ. ಶಟ್‌ಡೌನ್ ಮಾಡಿ ಆನ್ ಮಾಡಿದ ಮೇಲೂ ಸಿಪಿಯು ಪುಟದ ಅಪ್‌ಟೈಮ್ (ಯಂತ್ರ ಓಡುತ್ತಿರುವ ಅವಧಿ) ಸೊನ್ನೆಯಿಂದ ಶುರುವಾಗದೆ ದಿನಗಟ್ಟಲೆ ತೋರಿಸುತ್ತಿದ್ದರೆ ಕಾರಣ ಇದೇ.