ಹೊಸ ವೈಫೈಗೆ ಹಳೆಯ ಟಿವಿ ಸ್ಟಿಕ್ ಜೋಡಿಸುವುದು ಹೇಗೆ?

ಬಾಡಿಗೆ ಮನೆ ಬದಲಾಯಿಸಿ ಕದ್ರಿಯಿಂದ ಸುರತ್ಕಲ್‌ಗೆ ಹೋದವರಿಗೂ, ಮಣಿಪಾಲದ ಅದೇ ಫ್ಲ್ಯಾಟಿನಲ್ಲಿದ್ದು ಬೇರೆ ಕಂಪನಿಯ ಫೈಬರ್ ಹಾಕಿಸಿಕೊಂಡವರಿಗೂ ಎದುರಾಗುವ ತಾಪತ್ರಯ ಒಂದೇ. ಫೋನು ಹೊಸ ವೈಫೈಗೆ ನಿಮಿಷದಲ್ಲಿ ಸೇರಿಕೊಳ್ಳುತ್ತದೆ. ನೆಟ್‌ನ ಸಿನಿಮಾ, ಧಾರಾವಾಹಿ ನೋಡಲೆಂದು ಟಿವಿಯ ಹಿಂದೆ ಸಿಕ್ಕಿಸಿದ ಸ್ಟಿಕ್ ಮಾತ್ರ ಈಗ ಇಲ್ಲದ ಹಳೆಯ ನೆಟ್‌ವರ್ಕನ್ನೇ ಹುಡುಕುತ್ತಾ ಕೂರುತ್ತದೆ. ಸ್ಟಿಕ್ ಹಾಳಾಗಿರುವುದಿಲ್ಲ, ಹೊಸತು ಕೊಳ್ಳುವ ಅಗತ್ಯವೂ ಇಲ್ಲ.

ಹಳೆಯ ಹೆಸರೇ ಇರಲಿ

ಸ್ಟಿಕ್ ತನ್ನೊಳಗೆ ಉಳಿಸಿಕೊಂಡಿರುವುದು ಮೂರೇ ಸಂಗತಿ: ವೈಫೈಯ ಹೆಸರು, ಪಾಸ್‌ವರ್ಡ್, ಭದ್ರತೆಯ ವಿಧ. ರೂಟರ್ ಯಾವ ಕಂಪನಿಯದ್ದು, ಮನೆ ಯಾವ ಊರಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ. ಹಾಗಾಗಿ ಹೊಸ ರೂಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಕೊಟ್ಟುಬಿಟ್ಟರೆ ಸ್ಟಿಕ್ ಮಾತ್ರವಲ್ಲ, ಪ್ರಿಂಟರ್, ಗೇಟಿನ ಕ್ಯಾಮೆರಾ, ಸ್ಮಾರ್ಟ್ ಬಲ್ಬ್ ಎಲ್ಲವೂ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಫೈಬರ್ ಹಾಕಲು ಬಂದವರು ‘ವೈಫೈಗೆ ಏನು ಹೆಸರು ಕೊಡಬೇಕು’ ಎಂದು ಕೇಳುವುದುಂಟು. ಆಗಲೇ ಹಳೆಯದನ್ನು ಬರೆದ ಚೀಟಿ ಅವರ ಕೈಗೆ ಕೊಟ್ಟರೆ ಕೆಲಸ ಅಲ್ಲಿಗೇ ಮುಗಿಯಿತು. ಇಷ್ಟು ಸುಲಭದ ದಾರಿ ಇದ್ದರೂ ಹೆಚ್ಚಿನವರು ಇದನ್ನು ಬಳಸುವುದಿಲ್ಲ.

ಹಳೆಯ ಪಾಸ್‌ವರ್ಡ್ ಮರೆತಿದ್ದರೆ ಆಂಡ್ರಾಯ್ಡ್ ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ‘ಸೇವ್ಡ್ ನೆಟ್‌ವರ್ಕ್ಸ್’ ತೆರೆದು, ಹಳೆಯ ಹೆಸರನ್ನು ಒತ್ತಿ, ‘ಶೇರ್’ ಕೊಡಿ. ಹೆಚ್ಚಿನ ಫೋನುಗಳಲ್ಲಿ ಕ್ಯೂಆರ್ ಕೋಡಿನ ಕೆಳಗೆ ಪಾಸ್‌ವರ್ಡ್ ಅಕ್ಷರಗಳಲ್ಲೇ ಕಾಣುತ್ತದೆ. ಹಳೆಯ ರೂಟರ್ ಇನ್ನೂ ಮನೆಯಲ್ಲಿದ್ದರೆ ಅದರ ಅಡಿಯ ಚೀಟಿಯನ್ನೂ ನೋಡಬಹುದು.

ನೀವೇ ಬದಲಾಯಿಸುವುದಾದರೆ ಫೋನನ್ನು ಹೊಸ ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ಜಿಯೋ ಫೈಬರಿನದ್ದು 192.168.29.1. ವಿಳಾಸವೂ ಒಳಹೋಗುವ ಪಾಸ್‌ವರ್ಡೂ ಸಾಮಾನ್ಯವಾಗಿ ರೂಟರಿಗೆ ಅಂಟಿಸಿದ ಚೀಟಿಯಲ್ಲೇ ಇರುತ್ತವೆ. ‘ವೈರ್‌ಲೆಸ್’ ಅಥವಾ ‘ಡಬ್ಲ್ಯುಎಲ್ಎಎನ್’ ಎಂಬ ಭಾಗಕ್ಕೆ ಹೋಗಿ ‘ಎಸ್ಎಸ್ಐಡಿ’ ಎಂದಿರುವಲ್ಲಿ ಹಳೆಯ ಹೆಸರನ್ನೂ ಪಾಸ್‌ವರ್ಡ್ ಜಾಗದಲ್ಲಿ ಹಳೆಯ ಪಾಸ್‌ವರ್ಡನ್ನೂ ತುಂಬಿ. ದೊಡ್ಡಕ್ಷರ, ಸಣ್ಣಕ್ಷರ, ಅಡ್ಡಗೆರೆ, ನಡುವಿನ ಖಾಲಿ ಜಾಗ ಎಲ್ಲವೂ ಮೊದಲಿದ್ದಂತೆಯೇ ಇರಬೇಕು. ಫೋನಿನ ಕೀಬೋರ್ಡ್ ಕೊನೆಯಲ್ಲಿ ಸದ್ದಿಲ್ಲದೆ ಒಂದು ಸ್ಪೇಸ್ ಸೇರಿಸಿಬಿಡುವುದುಂಟು. ಕಣ್ಣಿಗೆ ಹೆಸರು ಒಂದೇ ಥರ ಕಂಡರೂ ಸ್ಟಿಕ್ಕಿಗೆ ಅದು ಬೇರೆ ನೆಟ್‌ವರ್ಕ್. ಭದ್ರತೆಯ ವಿಧವನ್ನು ಡಬ್ಲ್ಯುಪಿಎ2, ಎಇಎಸ್ ಎಂದಿಡಿ. ‘ಸೇವ್’ ಒತ್ತಿದ ಕೂಡಲೇ ವೈಫೈ ಒಮ್ಮೆ ಕಡಿಯುತ್ತದೆ, ಗಾಬರಿ ಬೇಡ.

ಎರಡು ಎಚ್ಚರಿಕೆ. ಹಳೆಯ ಪಾಸ್‌ವರ್ಡ್ ಅಕ್ಕಪಕ್ಕದವರಿಗೆಲ್ಲ ಗೊತ್ತಿದ್ದು, ನೀವಿರುವುದು ಅದೇ ಫ್ಲ್ಯಾಟಿನಲ್ಲೇ ಆದರೆ ಈ ಉಪಾಯ ಬೇಡ. ಇನ್ನೊಂದು, ಹಳೆಯ ಸಂಪರ್ಕ ತಿಂಗಳ ಕೊನೆಯವರೆಗೆ ಇರಲಿ ಎಂದು ಎರಡೂ ರೂಟರುಗಳನ್ನು ಒಂದೇ ಹೆಸರಲ್ಲಿ ಉರಿಸಿಟ್ಟರೆ ಸ್ಟಿಕ್ ಯಾವುದನ್ನು ಹಿಡಿಯುತ್ತದೋ ಹೇಳಲಾಗದು. ಹಳೆಯದರ ವೈಫೈ ಆಫ್ ಮಾಡಿ.

ಹೊಸ ಹೆಸರೇ ಬೇಕಾದರೆ

ಅಮೆಜಾನ್ ಫೈರ್ ಟಿವಿ ಸ್ಟಿಕ್ಕಿನಲ್ಲಿ ‘ಸೆಟ್ಟಿಂಗ್ಸ್’ಗೆ ಹೋಗಿ ‘ನೆಟ್‌ವರ್ಕ್’ ಒತ್ತಿ. ಸುತ್ತಲಿನ ವೈಫೈಗಳ ಪಟ್ಟಿಯಲ್ಲಿ ನಿಮ್ಮದನ್ನು ಆರಿಸಿ ಪಾಸ್‌ವರ್ಡ್ ಕೊಡಿ. ಸೇರಿದ ಮೇಲೆ ಅದೇ ಹೆಸರಿನ ಮೇಲೆ ನಿಂತು ರಿಮೋಟಿನ ಪ್ಲೇ/ಪಾಸ್ ಬಟನ್ ಒತ್ತಿದರೆ ಪರೀಕ್ಷೆ ನಡೆಯುತ್ತದೆ. ತೊಂದರೆ ರೂಟರಿನವರೆಗೋ ಅದರಾಚೆಗೋ ಎಂಬುದು ಅಲ್ಲೇ ತಿಳಿಯುತ್ತದೆ. ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿ ಸ್ಟಿಕ್ಕುಗಳಲ್ಲಿ ದಾರಿ ‘ಸೆಟ್ಟಿಂಗ್ಸ್’, ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’.

ರಿಮೋಟ್ ಇಲ್ಲದ ಹಳೆಯ ಕ್ರೋಮ್‌ಕಾಸ್ಟ್ ಬೇರೆಯೇ ಜಾತಿ. ಅದಕ್ಕೆ ಸ್ವಂತ ಮೆನು ಇಲ್ಲ. ಹಳೆಯ ವೈಫೈ ಹೋದ ಮೇಲೆ ಗೂಗಲ್ ಹೋಮ್ ಆ್ಯಪಿಗೂ ಅದು ಸಿಗದು. ಕರೆಂಟು ಕೊಟ್ಟೇ ಇಟ್ಟು, ಪಕ್ಕದ ಬಟನ್ ಒತ್ತಿ ಹಿಡಿಯಿರಿ. ಎರಡನೇ, ಮೂರನೇ ತಲೆಮಾರಿನವಾದರೆ ಮಿನುಗುವ ದೀಪ ಬಿಳಿಯಾಗಿ ನಿಂತಾಗ ಬಿಡಿ. 2013ರ ಮೊದಲ ತಲೆಮಾರಿನದ್ದಾದರೆ ಸುಮಾರು 25 ಸೆಕೆಂಡ್ ಹಿಡಿಯಬೇಕು. ಬಳಿಕ ಫೋನಿನಲ್ಲಿ ಬ್ಲೂಟೂತ್, ಲೊಕೇಶನ್ ಎರಡನ್ನೂ ಆನ್ ಮಾಡಿ ಹೋಮ್ ಆ್ಯಪಿನಿಂದ ಹೊಸದಾಗಿ ಜೋಡಿಸಿ. ಮೊದಲು ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ: 2025ರ ಮಾರ್ಚಿನಲ್ಲಿ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟುಗಳು ಉಪಕರಣ ಅಸಲಿ ಎಂದು ತೋರಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು ಒಮ್ಮೆಲೇ ನಿಂತಾಗ, ಅವಸರದಲ್ಲಿ ರೀಸೆಟ್ ಮಾಡಿದವರೇ ಹೆಚ್ಚು ಪೇಚಿಗೆ ಸಿಕ್ಕಿದ್ದರು. ರೂಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ, ಅಂದರೆ ರೇಡಿಯೋ ಅಲೆಗಳ ಎರಡು ಪಟ್ಟಿಗಳಲ್ಲಿ, ವೈಫೈ ಕೊಡುತ್ತವೆ. ಮೊದಲ ತಲೆಮಾರಿನದ್ದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು ಎಂಬುದೂ ನೆನಪಿರಲಿ.

ರಿಮೋಟ್ ಕಳೆದಿದೆ, ವೈಫೈಯೂ ಬದಲಾಗಿದೆ

ಸಾಮಾನು ಸಾಗಿಸುವಾಗ ಮೊದಲು ಕಾಣೆಯಾಗುವುದು ರಿಮೋಟೇ. ಫೋನಿನ ಫೈರ್ ಟಿವಿ ಆ್ಯಪನ್ನು ರಿಮೋಟಿನಂತೆ ಬಳಸಬಹುದು, ನಿಜ. ಆದರೆ ಅದಕ್ಕೆ ಫೋನೂ ಸ್ಟಿಕ್ಕೂ ಒಂದೇ ವೈಫೈಯಲ್ಲಿರಬೇಕು. ಹೊಸ ವೈಫೈಗೆ ಸೇರಿಸಲು ರಿಮೋಟ್ ಬೇಕು, ಆ್ಯಪ್ ರಿಮೋಟಿಗೆ ವೈಫೈ ಬೇಕು. ಈ ಗಂಟು ಬಿಡಿಸಲು ಮನೆಯಲ್ಲಿ ಎರಡು ಫೋನಿದ್ದರೆ ಸಾಕು. ಒಂದರಲ್ಲಿ ಹಳೆಯ ವೈಫೈಯ ಹೆಸರು, ಪಾಸ್‌ವರ್ಡ್ ಕೊಟ್ಟು ಹಾಟ್‌ಸ್ಪಾಟ್ ಆನ್ ಮಾಡಿ, ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ. ಸ್ಟಿಕ್ ಅದನ್ನೇ ಹಳೆಯ ವೈಫೈ ಎಂದುಕೊಂಡು ಸೇರುತ್ತದೆ. ಎರಡನೇ ಫೋನನ್ನೂ ಅದಕ್ಕೇ ಸೇರಿಸಿ, ಆ್ಯಪ್ ತೆರೆದು, ಸ್ಟಿಕ್ಕಿನ ಸೆಟ್ಟಿಂಗ್ಸಿಗೆ ಹೋಗಿ ಹೊಸ ವೈಫೈ ಆರಿಸಿ. ಟಿವಿಯಲ್ಲಿ ಎಚ್‌ಡಿಎಂಐ ಸಿಇಸಿ ಸೌಲಭ್ಯವಿದ್ದು ಅದು ಆನ್ ಇದ್ದರೆ ಟಿವಿಯ ಸ್ವಂತ ರಿಮೋಟಿನ ಬಾಣದ ಬಟನ್‌ಗಳೇ ಸಾಕಾಗುವುದೂ ಉಂಟು. ಅದನ್ನೇ ಮೊದಲು ನೋಡಿ.

ರಿಮೋಟ್ ಇದ್ದೂ ಕೆಲಸ ಮಾಡದಿದ್ದರೆ ಸೆಲ್ ಬದಲಾಯಿಸಿ, ಹೋಮ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ.

ಸೇರದಿದ್ದರೆ ಏಕೆ?

ನಿಮ್ಮ ವೈಫೈಯ ಹೆಸರೇ ಪಟ್ಟಿಯಲ್ಲಿ ಇಲ್ಲವೆಂದರೆ ರೂಟರ್ ಸ್ಟಿಕ್ಕಿಗೆ ಕೇಳದ ಚಾನೆಲ್ಲಿನಲ್ಲಿ (ಬ್ಯಾಂಡಿನೊಳಗಿನ ಸಣ್ಣ ಭಾಗ) ಮಾತಾಡುತ್ತಿರಬಹುದು. 2.4 ಗಿಗಾಹರ್ಟ್ಸಿನಲ್ಲಿ 12, 13ನೇ ಚಾನೆಲ್‌ಗಳು ಕೆಲವು ಸ್ಟಿಕ್ಕುಗಳಿಗೆ ಕಾಣುವುದಿಲ್ಲ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ 1, 6, 11 ಇವುಗಳಲ್ಲಿ ಒಂದನ್ನು ಆರಿಸಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇವೇ ಮೂರು. 5 ಗಿಗಾಹರ್ಟ್ಸಿನಲ್ಲಿ 52ರಿಂದ 144ರವರೆಗಿನವು ರಡಾರ್‌ಗಳೊಂದಿಗೆ ಹಂಚಿಕೊಂಡ ಚಾನೆಲ್‌ಗಳು, ಹಲವು ಸ್ಟಿಕ್ಕುಗಳು ಅತ್ತ ತಿರುಗಿಯೂ ನೋಡುವುದಿಲ್ಲ. 36ರಿಂದ 48ರ ನಡುವಿನದ್ದು ಇಡಿ. ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಿದೆ, ಆದರೂ ಒಳಬಿಡದು ಎಂದಾದರೆ ಹೊಸ ರೂಟರಿನ ಭದ್ರತೆಯ ವಿಧ ಡಬ್ಲ್ಯುಪಿಎ3 ಮಾತ್ರ ಇದೆಯೇ ನೋಡಿ, ಇದ್ದರೆ ಡಬ್ಲ್ಯುಪಿಎ2ಗೆ ಬದಲಿಸಿ.

ಸೇರಿದೆ, ಆದರೆ ‘ಕನೆಕ್ಟೆಡ್ ವಿತ್ ಪ್ರಾಬ್ಲಮ್ಸ್’ ಎನ್ನುತ್ತಿದೆ ಎಂದರೆ ಸ್ಟಿಕ್ಕನ್ನು ಬಿಟ್ಟು, ಫೈಬರ್ ಬಂದು ಸೇರುವ ಡಬ್ಬಿಯತ್ತ ಹೋಗಿ. ‘ಎಲ್ಒಎಸ್’ ದೀಪ ಕೆಂಪಗಿದ್ದರೆ ಫೈಬರಿನೊಳಗೆ ಹರಿಯುವ ಬೆಳಕು ಮನೆಯವರೆಗೆ ಬರುತ್ತಿಲ್ಲ: ಹೊರಗೆಲ್ಲೋ ತೆಂಗಿನ ಮಡಲು ಬಿದ್ದು ಫೈಬರ್ ತುಂಡಾಗಿರಬಹುದು, ಒಳಗೆ ಕಪಾಟಿನ ಹಿಂದೆ ಸಿಕ್ಕಿ ಮಡಚಿರಬಹುದು. ಕಂಪನಿಗೆ ಫೋನ್ ಮಾಡುವುದೊಂದೇ ದಾರಿ. ದೀಪಗಳೆಲ್ಲ ಸರಿಯಿದ್ದು ಫೋನಿನಲ್ಲಿ ನೆಟ್ ಓಡುತ್ತಿದ್ದರೆ ಸ್ಟಿಕ್ಕಿನ ದಿನಾಂಕ, ಸಮಯ ನೋಡಿ. ಗಡಿಯಾರ ತಪ್ಪಿದ್ದರೆ ಸುರಕ್ಷಿತ ಸಂಪರ್ಕಗಳು ಕೂಡುವುದೇ ಇಲ್ಲ. ಫೈರ್ ಸ್ಟಿಕ್ಕಿನ ರಿಮೋಟಿನಲ್ಲಿ ನಡುವಿನ ಬಟನ್ನನ್ನೂ ಪ್ಲೇ/ಪಾಸ್ ಬಟನ್ನನ್ನೂ ಒಟ್ಟಿಗೆ 5 ಸೆಕೆಂಡ್ ಒತ್ತಿದರೆ ಅದು ಮತ್ತೆ ಹೊಸದಾಗಿ ಶುರುವಾಗುತ್ತದೆ.

ಫೋನಿನಿಂದ ಟಿವಿಗೆ ಕಾಸ್ಟ್ ಮಾತ್ರ ಆಗುತ್ತಿಲ್ಲ ಎಂದಾದರೆ ಫೋನು, ಸ್ಟಿಕ್ ಎರಡರಲ್ಲೊಂದು ಅತಿಥಿಗಳಿಗೆಂದು ಇಟ್ಟ ‘ಗೆಸ್ಟ್’ ವೈಫೈಯಲ್ಲಿ ಸೇರಿರಬಹುದು. ಅಲ್ಲಿ ಒಂದು ಉಪಕರಣಕ್ಕೆ ಇನ್ನೊಂದು ಕಾಣದಂತೆ ರೂಟರೇ ತಡೆಯುತ್ತದೆ.

ಮುರಕಲ್ಲಿನ ಗೋಡೆ, ಟಿವಿಯ ಬೆನ್ನು

ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಪೂರ್ಣ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು. ಇಂದಿನ ಫೈಬರ್ ಪ್ಲಾನುಗಳಿಗೆ ಇದು ಲೆಕ್ಕಕ್ಕೇ ಅಲ್ಲ. ಆದರೂ ಚಿತ್ರ ಸುತ್ತುತ್ತಾ ನಿಂತರೆ ಪ್ಲಾನ್ ಏರಿಸಲು ಹೊರಡಬೇಡಿ. ಕೊರತೆ ಹೆಚ್ಚಾಗಿ ಇರುವುದು ರೂಟರ್ ಮತ್ತು ಟಿವಿಯ ನಡುವೆ. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ವೈಫೈಯನ್ನು ಚೆನ್ನಾಗಿಯೇ ನುಂಗುತ್ತದೆ, ಅದರಲ್ಲೂ 5 ಗಿಗಾಹರ್ಟ್ಸನ್ನು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೀರು ಹೀರಿದ ಹೊರಗೋಡೆ ಇನ್ನಷ್ಟು ತಡೆಯುತ್ತದೆ. ಒಂದೇ ಕೋಣೆಯಾದರೆ 5, ನಡುವೆ ಎರಡು ಗೋಡೆಯೋ ಉಪ್ಪರಿಗೆಯ ಸ್ಲ್ಯಾಬೋ ಇದ್ದರೆ 2.4 ಆರಿಸಿ. ಫೈಬರ್ ಹಾಕುವವರು ಕೇಬಲ್ ಒಳಬರುವ ಕಿಟಕಿಯ ಮೂಲೆಯಲ್ಲೇ ಡಬ್ಬಿ ಹೊಡೆದು ಹೋಗುತ್ತಾರೆ. ಚಾವಡಿಯವರೆಗೆ ಎಳೆಯಿರಿ ಎಂದು ಅವತ್ತೇ ಹೇಳಬೇಕು. ತಡವಾಗಿದ್ದರೆ ಡಬ್ಬಿಯಿಂದ ಟಿವಿ ಕೋಣೆಗೆ ಕ್ಯಾಟ್ 6 ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲ್ಲಿನಿಂದ ಬಂದದ್ದನ್ನು ವೈಫೈಯಾಗಿ ಹರಡುವ ಉಪಕರಣ) ಇಡಿ. ಗೋಡೆಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಒಂದೇ ಬ್ಯಾಂಡಿನಲ್ಲಿ ಕೇಳಿ ಅದರಲ್ಲೇ ಮರುಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ.

ಟಿವಿಯ ಹಿಂಬದಿಯ ಲೋಹದ ತಗಡಿಗೆ ಅಂಟಿಕೊಂಡ ಸ್ಟಿಕ್ಕಿಗೆ ಸಿಗ್ನಲ್ ಸಿಗುವುದೇ ಕಷ್ಟ. ಫೈರ್ ಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಬರುವ ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರ್ ಇರುವುದೇ ಇದಕ್ಕಾಗಿ. ಹಾಗೆಯೇ ಪೆಟ್ಟಿಗೆಯಲ್ಲಿ ಬಿಟ್ಟಿದ್ದರೆ ಈಗ ತೆಗೆಯಿರಿ. ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. ಹಳೆಯ ಯುಎಸ್‌ಬಿ ಪೋರ್ಟಿನಿಂದ ಬರುವುದು ಅರ್ಧ ಆಂಪಿಯರ್, ಸ್ಟಿಕ್ಕಿನ ಜೊತೆಗೆ ಬಂದ ಅಡಾಪ್ಟರ್ ಕೊಡುವುದು 5 ವೋಲ್ಟಿನಲ್ಲಿ 1 ಆಂಪಿಯರ್. ಹೊಸ ವೈಫೈಗೆ ಸೇರುವ ಹೊತ್ತಿಗೇ ಸ್ಟಿಕ್ ಪದೇ ಪದೇ ಆಫ್ ಆಗಿ ಆನ್ ಆಗುತ್ತಿದ್ದರೆ ಮೊದಲು ಸಂಶಯಿಸಬೇಕಾದ್ದು ಇದನ್ನೇ.

ಗುಡುಗು ಶುರುವಾಗುವ ಮೊದಲೇ ಫೈಬರ್ ಡಬ್ಬಿ, ಸ್ಟಿಕ್, ಟಿವಿ ಮೂರರ ಪ್ಲಗ್ಗನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯದಿದ್ದರೂ ಅಡಾಪ್ಟರಿನ ದಾರಿ ತೆರೆದೇ ಇರುತ್ತದೆ. ಮಳೆ ನಿಂತ ಮೇಲೆ ಮೊದಲು ಫೈಬರ್ ಡಬ್ಬಿ ಹಚ್ಚಿ, ದೀಪಗಳು ನೆಲೆ ನಿಲ್ಲಲು ಎರಡು ಮೂರು ನಿಮಿಷ ಕೊಡಿ, ಆಮೇಲೆ ಸ್ಟಿಕ್ ಹಚ್ಚಿ.