ಮಸಿ ಹಿಡಿದ ಚಿನ್ನಕ್ಕೆ ಚೈನಾ ಗ್ರಾಸ್

ಕೋಲ್ಕತ್ತಾದ ಹಳೇ ಚೀನೀ ಕೇರಿ ಟಿರೆಟ್ಟಾ ಬಜಾರಿನ ಚೀನೀ ದೇವಸ್ಥಾನದಲ್ಲಿ ಚಿನ್ನ ಹಚ್ಚಿದ ಮರದ ಕೆತ್ತನೆಯ ಮಸಿಯನ್ನು ಚೈನಾ ಗ್ರಾಸ್ (ಕಡಲ ಪಾಚಿಯಿಂದ ಮಾಡುವ ಅಗರ್) ನೀರಲ್ಲಿ ಕುದಿಸಿ ಹಚ್ಚಿ ತೆಗೆಯುತ್ತೇನೆ ಅಂದಾಗ, ಹಳೇ ಕಲಾಕೃತಿ ಶುಚಿಮಾಡುವ ನಮ್ಮ ಕಸುಬಿನ ಸೀನಿಯರ್ ಒಬ್ಬರು ನಕ್ಕರು. "ನೀರು ತಾಗಿದರೆ ಚಿನ್ನವೆಲ್ಲ ಎದ್ದು ಬರುತ್ತೆ ಮಾರಾಯ" ಅಂದರು. ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿಗೆ ಮೊದಲು ಬಂದ ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವರಲ್ಲಿ ಬಡಗಿಗಳು ಜಾಸ್ತಿ. ಕೆತ್ತನೆ ನೋಡಿದರೇ ಗೊತ್ತಾಗುತ್ತದೆ. ಊರವರು ಈ ದೇವಸ್ಥಾನಗಳನ್ನು ಚರ್ಚ್ ಅಂತಲೇ ಕರೆಯುತ್ತಾರೆ. ಸೀ ಇಪ್ ಚರ್ಚ್ 1905ರದ್ದು. ನನಗೆ ಸಿಕ್ಕಿದ್ದು ಅದರ ಹತ್ತಿರದ್ದೇ ಇನ್ನೊಂದು. ಚೀನೀಯರ ಯುದ್ಧದೇವರು ಗುವಾನ್ ಯು ಮೂರ್ತಿಯ ಮುಂದಿನ ಹಲಗೆ, ಎಂಟಡಿ ಇರಬಹುದು. ಕುದುರೆಗಳು, ಬೆರಳುದ್ದದ ಸೈನಿಕರು. ಊದುಬತ್ತಿ ಹೊಗೆಗೆ ದೀಪದ ಎಣ್ಣೆ ಸೇರಿ ಎಲ್ಲವೂ ಡಾಂಬರಿನ ಬಣ್ಣ.

ರಬ್ಬರ್ ಸ್ಪಂಜು ಮೇಲಿನ ಮಸಿಯನ್ನಷ್ಟೇ ತೆಗೆಯಿತು. ಟರ್ಪೆಂಟೈನ್ ಹಾಕಿದರೆ ಜಿಡ್ಡು ಕರಗಿ ಮಸಿ ಸಂದಿಗೆ ಇಳಿಯಿತು. ಒರೆಸುವ ಹತ್ತಿಯ ಎಳೆ ಕುದುರೆ ಕಾಲಿಗೆ ಸಿಕ್ಕಿಕೊಂಡಿತು. ಒಂದು ಪುಟ್ಟ ಈಟಿಯೂ ಕಿತ್ತು ಬಂತು.

ಇಲ್ಲಿ ಚಿನ್ನದ ರೇಕು ಕೂತಿರುವುದು ಅರಗಿನ (ಲ್ಯಾಕರ್) ಮೇಲೆ, ನೀರಿಗೆ ಕರಗುವ ಅಂಟಿನ ಮೇಲಲ್ಲ. ಅದಕ್ಕೇ ನನಗೆ ಧೈರ್ಯ. ನೂರು ಎಂಎಲ್ ನೀರಿಗೆ ಮೂರು ನಾಲ್ಕು ಗ್ರಾಂ ಚೈನಾ ಗ್ರಾಸ್. ಸ್ವಲ್ಪ ಸಿಟ್ರೇಟ್ (ನಿಂಬೆಹುಳಿಯ ಲವಣ). ಎಷ್ಟು ಅಂತ ಕೇಳಬೇಡಿ. ಕುದಿಸಿ ಆರಲು ಬಿಟ್ಟು, ಇನ್ನೇನು ಗಟ್ಟಿಯಾಗಬೇಕು ಅನ್ನುವಾಗ ಬ್ರಷ್‌ನಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟರೆ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬರುತ್ತದೆ. ಒಳಮೈಯಲ್ಲಿ ಕಂದು ಬಣ್ಣದಲ್ಲಿ ಸೈನಿಕನ ಮುಖದ ಅಚ್ಚು!

ಮೇ ತಿಂಗಳಲ್ಲಿ ಮಾತ್ರ ಆಟ ನಡೆಯಲಿಲ್ಲ. ಕೋಲ್ಕತ್ತಾದ ಮಧ್ಯಾಹ್ನ ಅದು ಗಟ್ಟಿಯೇ ಆಗದೆ ಸೋರಿತು. ಕೆಲಸವನ್ನು ಡಿಸೆಂಬರ್ ಬೆಳಗಿಗೆ ತಳ್ಳಿದೆ. ಕಿಟಕಿ ಪಕ್ಕದ ಅರಗು ಬಿಸಿಲಿಗೆ ಸತ್ತಿತ್ತು. ಮೂಲೆಯಲ್ಲಿ ಪರೀಕ್ಷೆ ಮಾಡಿದಾಗ ಬಿಳಚಿತು. ಅಲ್ಲಿಗೆ ನೀರೇ ಬೇಡ, ಸ್ಪಂಜಿನಲ್ಲೇ ಮುಗಿಸಿದೆ.

ಒಂದು ಅಡ್ಡ ಪ್ರಯೋಗ: ಎಂಜಲು. ನಮ್ಮ ಕಸುಬಿನವರಿಗೆ ಗೊತ್ತಿರುವುದೇ, ಮಸಿಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ದೇವರ ಹಲಗೆಗೆ ಎಂಜಲು ಹಚ್ಚೋದಾ? ಮನೆಯಲ್ಲಿ ಹಳೇ ಫೋಟೋ ಫ್ರೇಮಿನ ಮೇಲೆ ಮಾಡಿ ನೋಡಿ ಸುಮ್ಮನಾದೆ.

ದುಡ್ಡಿನ ಮಾತು. ಬೇರೆಯವರು ದೇವಸ್ಥಾನದ ಕಮಿಟಿಗೆ ಹನ್ನೆರಡು ಲಕ್ಷ ಹೇಳಿದ್ದರಂತೆ. ನಾನು ಮೂರೂವರೆಯಲ್ಲಿ ಮುಗಿಸಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಬ್ಬರು ಹುಡುಗರ ಕೂಲಿ. ಲ್ಯಾಬಿನ ಅಗರ್ ದುಬಾರಿ ಅಂತ ಕಿರಾಣಿ ಅಂಗಡಿಯದ್ದನ್ನೇ ತಂದೆ, ಎರಡು ಸಲ ಸೋಸಿದರೆ ಸಾಕು.

ಮಸಿ ಮತ್ತೆ ಕೂರುತ್ತದಲ್ವಾ? ಎಲ್ಲಿ ಎಷ್ಟು ಕೂರುತ್ತದೆ ಅಂತ ನೋಡಲು ಹಲಗೆ ಹತ್ತಿರ ಒಂದು, ಬಾಗಿಲ ಹತ್ತಿರ ಒಂದು ಗಾಜಿನ ಪಟ್ಟಿ ತೂಗುಹಾಕಿದೆ. ಎರಡು ತಿಂಗಳಿಗೆ ಒಳಗಿನದು ಚಹಾ ಬಣ್ಣ, ಬಾಗಿಲಿನದು ಹೆಚ್ಚುಕಡಿಮೆ ಸ್ವಚ್ಛ. ಎರಡನ್ನೂ ಕಮಿಟಿಯ ಹಿರಿಯರ ಕೈಗೆ ಕೊಟ್ಟೆ. ಊದುಬತ್ತಿಯ ಕುಂಡ ಈಗ ಅಂಗಳದಲ್ಲಿದೆ. ಚೀನೀ ಹೊಸವರ್ಷದ ದಿನ ಮಾತ್ರ ಒಳಗೇ ಇಡುತ್ತೇವೆ ಅಂದರು, ಒಪ್ಪಿಕೊಂಡೆ.